ಬಂದೂಕಿನ ತೂತಿಗೆ ತಿರುಪು ಬೇಕೋ ಬೇಡವೋ

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲ. ಯಾವಾಗಿನಿಂದ ಇಲ್ಲ ಎಂದು ಕೇಳಬೇಡಿ, ಅದೂ ನೆನಪಿಲ್ಲ. ಮನೆಗೆ ಬೀಗ ಹಾಕಿಕೊಂಡು ಕೊಳ್ಳೇಗಾಲದ ಬಸ್ ನಿಲ್ದಾಣದವರೆಗೆ ನಡೆದು, ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕ ಸಂತೋಷದಲ್ಲಿ ಕಣ್ಣು ಮುಚ್ಚಿದ ಕೂಡಲೇ ಒಳಗಿನಿಂದ ಒಂದು ದನಿ ‘ಬೀಗ ಹಾಕಿದೆಯಾ?’ ಎಂದು ಕೇಳುತ್ತದೆ. ಹಾಕಿದೆ ಎನ್ನುತ್ತೇನೆ. ‘ಇವತ್ತು ಹಾಕಿದ್ದೋ, ನಿನ್ನೆ ಹಾಕಿದ್ದು ನೆನಪಾಗುತ್ತಿದೆಯೋ?’ ಎನ್ನುತ್ತದೆ. ಅಲ್ಲಿಗೆ ನನ್ನ ಪ್ರಯಾಣ ಮುಗಿಯಿತು. ಇಳಿದು ಮನೆಗೆ ಹೋಗಿ ನೋಡುತ್ತೇನೆ. ಬೀಗ ಹಾಕಿಯೇ ಇರುತ್ತದೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವವನು. ಮೈಸೂರಿನಲ್ಲಿ ಎಂ.ಎ. ಓದುವಾಗ, ಪ್ರಮಾಣವಿಲ್ಲದೆ ಯಾವುದನ್ನೂ ನಂಬಬಾರದು ಎಂದು ನಮಗೆ ಕಲಿಸಿದರು. ನನ್ನ ಜೊತೆಯವರೆಲ್ಲ ಅದನ್ನು ಪರೀಕ್ಷೆಯಲ್ಲಿ ಬರೆದು, ಪರೀಕ್ಷೆಯ ಕೊಠಡಿಯಲ್ಲೇ ಬಿಟ್ಟು ಬಂದರು. ನಾನೊಬ್ಬ ಮನೆಗೆ ತಂದೆ. ನನ್ನ ಹೆಂಡತಿ ಮಂಗಳ, “ನಿಮ್ಮ ಅನುಮಾನದಿಂದ ಈ ಸಂಸಾರಕ್ಕೆ ಆಗಿರೋ ಉಪಕಾರ ಒಂದೇ ರೀ, ನಮ್ಮನೇಲಿ ಹಾಲು ಉಕ್ಕಿದ್ದೇ ಇಲ್ಲ” ಎನ್ನುತ್ತಾಳೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ಹೋಗಿ ನೋಡುವವನ ಮನೆಯಲ್ಲಿ ಹಾಲಿಗೆ ಉಕ್ಕಲು ಪುರುಸೊತ್ತಾದರೂ ಎಲ್ಲಿ ಸಿಗಬೇಕು?

ಇದರ ಜೊತೆಗೆ ನನ್ನ ಬೆರಳುಗಳಿಗೆ ಇನ್ನೊಂದು ಕಾಯಿಲೆ ಇದೆ. ತಿರುಪು ಕಂಡರೆ ತಿರುಗಿಸದೆ ಇರಲಾರವು. ಫ್ಯಾನಿನ ರೆಗ್ಯುಲೇಟರು, ಸ್ಕೂಟರಿನ ಕನ್ನಡಿ, ಬೇರೆಯವರ ಮನೆಯ ರೇಡಿಯೊ, ದಂತವೈದ್ಯರ ಕುರ್ಚಿಯ ಪಕ್ಕದಲ್ಲಿರುವ ಗುಂಡಿ, ಎಲ್ಲವನ್ನೂ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ತಿರುಗಿಸಿ ನೋಡುತ್ತೇನೆ. ತಿರುಗಿಸಿದ ಮೇಲೆ ಅದು ಮೊದಲು ಎಲ್ಲಿತ್ತು ಎಂಬುದು ಮರೆತುಹೋಗಿರುತ್ತದೆ. ಇಂಥ ಮನುಷ್ಯನ ಕೈಗೆ ಬಂದೂಕು ಕೊಡಬಾರದು ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಅದು ಮಾವನ ಮನೆಯಿಂದ ಬಂದದ್ದು. ಮಾವನ ಮನೆಯಿಂದ ಬಂದದ್ದನ್ನು ಬೇಡ ಎನ್ನಲು ತರ್ಕಶಾಸ್ತ್ರದಲ್ಲಿ ಅವಕಾಶವಿಲ್ಲ.

ಬಂದೂಕು ಎಂದ ಕೂಡಲೇ ಹುಲಿ, ಕಾಡು ಎಂದೆಲ್ಲ ಊಹಿಸಿಕೊಳ್ಳಬೇಡಿ. ಅದು ಏರ್‌ಗನ್. ಗಾಳಿಯ ಬಲದಿಂದ ಕಡಲೆಕಾಳಿಗಿಂತ ಸಣ್ಣದಾದ ಸೀಸದ ಗುಂಡನ್ನು ಉಗುಳುವ ಸಾಧು ಪ್ರಾಣಿ. ಮಧುವನಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಮಾವ, ಮುಸುಕಿನ ಜೋಳಕ್ಕೆ ಬೀಳುವ ಗಿಳಿಗಳನ್ನು ಹೆದರಿಸಲೆಂದು ಒಂದು ಕಾಲದಲ್ಲಿ ಅದನ್ನು ತಂದರಂತೆ. ಗಿಳಿಗಳ ಕಡೆಗೆ ಗುರಿ ಇಡಲು ಮನಸ್ಸು ಬಾರದೆ, ಬೇಲಿಗೆ ನೇತುಹಾಕಿದ ಖಾಲಿ ಡಬ್ಬಕ್ಕೆ ಹೊಡೆಯುತ್ತಿದ್ದರಂತೆ. ಡಬ್ಬಕ್ಕೆ ಏಟು ಬಿದ್ದದ್ದೇ ಇಲ್ಲವಾದ್ದರಿಂದ, ಊರಿನಲ್ಲಿ ಅದಕ್ಕಿಂತ ಕ್ಷೇಮವಾದ ಜಾಗ ಇನ್ನೊಂದಿಲ್ಲ ಎಂದು ತಿಳಿದ ಗಿಳಿಗಳು ಡಬ್ಬದ ಮೇಲೇ ಬಂದು ಕೂರತೊಡಗಿದವಂತೆ. ಇದು ನನ್ನ ಅತ್ತೆ ಹೇಳಿದ ಕಥೆ. ಮಾವ ಇದನ್ನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ.

ಮಾವನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ರಾಜೇಶ್ವರಿಯನ್ನು ಹನೂರಿನ ಮಹದೇವಸ್ವಾಮಿಗೆ, ಎಂದರೆ ನಮ್ಮ ಸ್ವಾಮಣ್ಣನಿಗೆ, ಕೊಟ್ಟಿದ್ದಾರೆ. ಕಿರಿಯವಳಾದ ಮಂಗಳಳನ್ನು ನನಗೆ ಕೊಟ್ಟಿದ್ದಾರೆ. ಹೀಗೆ ಸ್ವಾಮಣ್ಣನೂ ನಾನೂ ಷಡ್ಡಕರು. ಷಡ್ಡಕ ಎಂಬುದು ಲೋಕದಲ್ಲಿಯೇ ವಿಚಿತ್ರವಾದ ಸಂಬಂಧ. ಅಣ್ಣತಮ್ಮಂದಿರನ್ನು ದೇವರು ಕೊಡುತ್ತಾನೆ, ಸ್ನೇಹಿತರನ್ನು ನಾವು ಆರಿಸಿಕೊಳ್ಳುತ್ತೇವೆ; ಷಡ್ಡಕನನ್ನು ಮಾತ್ರ ನಮ್ಮನ್ನು ಒಂದು ಮಾತೂ ಕೇಳದೆ ಮಾವ ಆರಿಸಿರುತ್ತಾನೆ. ಸ್ವಾಮಣ್ಣ ಹನೂರಿನಲ್ಲಿ ಪಂಪು, ಪೈಪು ಮಾರುವ ಅಂಗಡಿ ಇಟ್ಟಿದ್ದಾನೆ. ಅವನಿಗೆ ಯಾವುದರಲ್ಲೂ ಅನುಮಾನ ಎಂಬುದಿಲ್ಲ. ಕೌದಳ್ಳಿ ದಾರಿ ಕೇಳಿದರೆ, ತನಗೆ ಗೊತ್ತಿಲ್ಲದ ಅಡ್ಡದಾರಿಯನ್ನೂ ಧೈರ್ಯವಾಗಿ ತೋರಿಸುವ ಮನುಷ್ಯ.

ಬಂದೂಕು ಯಾರಿಗೆ ಎಂಬುದು ನಮ್ಮ ಮನೆಗಳಲ್ಲಿ ಬಹಳ ದಿನದಿಂದ ಇದ್ದ ಪ್ರಶ್ನೆ. ಅದಕ್ಕೆ ಮೂಲ ಬಂದೂಕಲ್ಲ, ಒಂದು ತಾಮ್ರದ ಹಂಡೆ. ಅತ್ತೆ ತಮ್ಮ ಹಂಡೆಯನ್ನು ಹಿರಿಯ ಮಗಳಿಗೆ ಕೊಟ್ಟುಬಿಟ್ಟಿದ್ದರು. ಅಂದಿನಿಂದ ಮಂಗಳ, “ಹಂಡೆ ಅಕ್ಕನಿಗೆ ಹೋಯ್ತು, ಬಂದೂಕಾದ್ರೂ ನಮ್ಮನೇಗೆ ಬರ್ಲಿ” ಎಂದು ಪಟ್ಟು ಹಿಡಿದಿದ್ದಳು. ಬಂದೂಕನ್ನು ಕಾಯಿಸಿ ಸ್ನಾನ ಮಾಡಲು ಆಗುವುದಿಲ್ಲವಲ್ಲ ಎಂದರೆ, “ಹಂಡೇನ ಗೋಡೆಗೆ ನೇತುಹಾಕೋಕೆ ಆಗುತ್ತಾ?” ಎಂದು ಕೇಳುತ್ತಿದ್ದಳು. ಕೊನೆಗೆ ಮಾವ, ಆರು ತಿಂಗಳು ಹನೂರಿನಲ್ಲಿ, ಆರು ತಿಂಗಳು ಕೊಳ್ಳೇಗಾಲದಲ್ಲಿ ಎಂದು ರಾಜಿ ಮಾಡಿದರು. ಅದರಿಂದಾಗಿ ನಾನು ಆ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಓಡಾಡಬೇಕಾಯಿತು. ಒಮ್ಮೆ ಕಂಡಕ್ಟರ್ ಬಗ್ಗಿ ನೋಡಿ, “ಏನ್ ಸಾ ಇದು, ಕಬ್ಬಾ?” ಎಂದ. ಸುಳ್ಳು ಹೇಳಬಾರದು, ನಿಜ ಹೇಳಿದರೆ ಬಸ್ಸೇ ನಿಲ್ಲುತ್ತದೆ. “ಹೆಚ್ಚುಕಡಿಮೆ” ಎಂದೆ. ಅವನು ಲಗೇಜಿನ ಟಿಕೆಟ್ ಹರಿದು, “ಎಚ್ಚುಕಮ್ಮಿ ಕಬ್ಬು ಅಂದ್ರೆ ಜೋಳದ ಕಡ್ಡಿಯಾ ಸಾ? ಮೇಷ್ಟ್ರು ಅಂತೀರಿ, ಸರ್ಯಾಗಿ ಯೋಳಾಕಿಲ್ವಲ್ಲ” ಎಂದು ಬೇಜಾರು ಮಾಡಿಕೊಂಡ. ಅದೇ ಪ್ರಯಾಣದಲ್ಲಿ ಯಾರೋ ಅದರ ಮೇಲೆ ಹಲಸಿನಹಣ್ಣು ಇಟ್ಟರು. ಇಳಿದು ಬಿಚ್ಚಿ ನೋಡಿದರೆ, ಗುರಿ ನೋಡುವ ಸೈಟು ಮುರಿದು ಬಿದ್ದಿತ್ತು.

ಇಲ್ಲಿ ಸ್ವಲ್ಪ ವಿವರಿಸಬೇಕು. ಬಂದೂಕಿನ ತುದಿಯಲ್ಲಿ ಒಂದು ಪುಟ್ಟ ಮೊಳೆ ಇರುತ್ತದೆ. ಕಣ್ಣಿಗೆ ಹತ್ತಿರದಲ್ಲಿ, ಹಿಂಭಾಗದಲ್ಲಿ, ಕಾಸಿನಷ್ಟು ಅಗಲದ ಒಂದು ಕಬ್ಬಿಣದ ಬಿಲ್ಲೆ, ಅದರ ನಡುವೆ ಒಂದು ತೂತು. ತೂತಿನ ಮೂಲಕ ನೋಡಿ, ಮೊಳೆಯನ್ನು ಗುರಿಯ ಮೇಲೆ ಕೂರಿಸಿ ಹೊಡೆಯಬೇಕು. ಇಷ್ಟೇ. ಆದರೆ ಈ ತೂತಿನಲ್ಲಿ ಎರಡು ಜಾತಿ. ಒಂದು, ಬಂದೂಕಿಗೆ ಅಂಟಿಕೊಂಡು ಅಲ್ಲಾಡದೆ ಕೂತಿರುವ ತೂತು. ಇನ್ನೊಂದು, ತಿರುಪು ಇರುವ ತೂತು. ಮೇಲಿನ ತಿರುಪು ತಿರುಗಿಸಿದರೆ ತೂತು ಏರಿಳಿಯುತ್ತದೆ, ಪಕ್ಕದ್ದನ್ನು ತಿರುಗಿಸಿದರೆ ಎಡಕ್ಕೂ ಬಲಕ್ಕೂ ಸರಿಯುತ್ತದೆ. ಗುಂಡು ಎಡಕ್ಕೆ ಹೋಗುತ್ತಿದ್ದರೆ ತೂತನ್ನು ಬಲಕ್ಕೆ ಸರಿಸಿದರಾಯಿತು. ಮನುಷ್ಯನ ತಪ್ಪನ್ನು ತೂತೇ ತಿದ್ದಿಕೊಳ್ಳುತ್ತದೆ. ಇಂಥ ಸೌಲಭ್ಯ ಜೀವನದಲ್ಲಿ ಬೇರೆಲ್ಲೂ ಇಲ್ಲ.

ಸೈಟು ಮುರಿದ ಸುದ್ದಿ ಕೇಳಿ ಮಾವನಿಗೆ ಸಿಟ್ಟು ಬಂತು. “ನಿಮ್ಮಿಬ್ಬರ ನಡುವ ಬಸ್ಸಲ್ಲಿ ತಿರುಗಿ ತಿರುಗೀನೆ ನನ್ ಬಂದೂಕ ಸಾಯ್ತದ. ಇನ್ನ ಆಗಾಕಿಲ್ಲ. ಈ ಸತಿ ಆಯುಧಪೂಜೆಗ ಯಾರು ನಿಂಬೆಣ್ಣು ಕೆಡವ್ತರೋ, ಬಂದೂಕ ಅವ್ರ ಮನೇಗೆ. ಮತ್ತೆ ಕೇಳಂಗಿಲ್ಲ” ಎಂದರು. ಮಾವನ ಮನೆಯಲ್ಲಿ ಒಂದು ಪದ್ಧತಿ ಇದೆ. ಆಯುಧಪೂಜೆಯ ದಿನ ಎಲ್ಲರ ಮನೆಯಲ್ಲೂ ಟ್ರ್ಯಾಕ್ಟರಿನ ಚಕ್ರದಡಿ ನಿಂಬೆಹಣ್ಣು ಇಟ್ಟು ಗಾಡಿ ಹತ್ತಿಸುತ್ತಾರಷ್ಟೆ? ಇವರಲ್ಲಿ ಮೊದಲು ಆ ನಿಂಬೆಹಣ್ಣನ್ನು ಸೀಬೆಮರದ ಕೊಂಬೆಗೆ ದಾರದಲ್ಲಿ ಇಳಿಬಿಟ್ಟು, ಏರ್‌ಗನ್ನಿನಿಂದ ಹೊಡೆದು ಕೆಡವಿ, ಆಮೇಲೆ ಚಕ್ರಕ್ಕೆ ಇಡಬೇಕು. ಬಂದೂಕೂ ಆಯುಧವಲ್ಲವೇ, ಅದಕ್ಕೂ ಒಂದು ಕೆಲಸ ಕೊಡಬೇಕಲ್ಲ ಎಂದು ಮಾವನೇ ಶುರುಮಾಡಿದ್ದು. ಏಟು ಬೀಳದಿದ್ದರೆ ಹಣ್ಣು ಕೀಳುವ ಕೊಕ್ಕೆ ಕೋಲಿನಲ್ಲಿ, ದೋಟಿಯಲ್ಲಿ, ಕೆಡವುತ್ತಾರೆ. ನನಗೆ ತಿಳಿದಂತೆ ಪ್ರತಿ ವರ್ಷವೂ ದೋಟಿಯಲ್ಲೇ ಕೆಡವಿದ್ದಾರೆ.

ಇಬ್ಬರೂ ಒಂದೇ ಬಂದೂಕಿನಿಂದ ಹೊಡೆಯಬೇಕಾದ್ದರಿಂದ, ಹೊಸ ಸೈಟು ಇಬ್ಬರಿಗೂ ಒಪ್ಪಿಗೆಯಾಗಬೇಕು ಎಂದು ಮಾವ ಷರತ್ತು ಹಾಕಿದರು. ನಾನು ತಿರುಪು ಇರುವುದೇ ಬೇಕೆಂದೆ. ಸ್ವಾಮಣ್ಣ ತಿರುಪು ಇಲ್ಲದ್ದೇ ಬೇಕೆಂದ. ಫೋನಿನಲ್ಲಿ ದಿನವೂ ವಾದ ನಡೆಯಿತು. ತಿದ್ದಿಕೊಳ್ಳಲು ಬಾರದ ನಂಬಿಕೆಗೆ ಮೂಢನಂಬಿಕೆ ಎನ್ನುತ್ತಾರೆ, ತಿದ್ದಿಕೊಳ್ಳಲು ಬಾರದ ತೂತೂ ಅಂಥದ್ದೇ ಎಂದು ನಾನು ವಾದಿಸಿದೆ. ಹನೂರಿನ ಗಾಳಿ ಬೇರೆ, ಕೊಳ್ಳೇಗಾಲದ ಗಾಳಿ ಬೇರೆ, ಬೆಳಗಿನ ಕಣ್ಣು ಬೇರೆ, ಊಟವಾದ ಮೇಲಿನ ಕಣ್ಣು ಬೇರೆ, ಎಲ್ಲಕ್ಕೂ ಒಂದೇ ತೂತು ಹೇಗೆ ಸಾಕು ಎಂದೆ. ಆ ಕಡೆಯಿಂದ ಸ್ವಾಮಣ್ಣ, “ಮೇಷ್ಟ್ರೇ, ಎತ್ತಿನ ಕೊಂಬಿಗೆ ತಿರುಪು ಮಡಗವ್ರಾ? ಅದು ಗುರಿಯಿಟ್ಟು ತಿವಿಯಾಕಿಲ್ವಾ?” ಎಂದ. ಕೊಂಬು ಗುರಿ ನೋಡುವುದಿಲ್ಲ, ಎತ್ತು ನೋಡುತ್ತದೆ ಎಂದೆ. “ಅದ್ಕೇ ನಾನೂ ಯೋಳ್ತಿರೋದು. ನೋಡೋದು ಕಣ್ಣು. ತೂತಲ್ಲ” ಎಂದು ಫೋನ್ ಇಟ್ಟ.

ಕೊನೆಗೆ ಯಳಂದೂರಿಗೆ ಹೋದೆವು. ಅಲ್ಲಿ ಹೊಲಿಗೆ ಯಂತ್ರ, ಟಾರ್ಚು, ಏರ್‌ಗನ್ನು ಎಲ್ಲವನ್ನೂ ರಿಪೇರಿ ಮಾಡುವ ಅಂಗಡಿಯವನೊಬ್ಬನಿದ್ದಾನೆ. ಅವನು ಎರಡು ಸೈಟುಗಳನ್ನೂ ಗಾಜಿನ ಮೇಲೆ ಇಟ್ಟು, “ಇದು ತಿರುಪಿಂದು, ಇದು ಸುಮ್ನಿಂದು” ಎಂದ. ಯಾವುದು ಒಳ್ಳೆಯದು ಎಂದು ಕೇಳಿದೆ. “ಎಲ್ಡೂ ಒಳ್ಳೇವೇಯ ಸಾ” ಎಂದ. ಯಾವುದು ಹೆಚ್ಚು ಒಳ್ಳೆಯದು ಎಂದೆ. “ತಕಂಡೋರ್ಗೆ ತಕಂಡಿದ್ದು ಒಳ್ಳೇದು ಸಾ.” ನೀನಾಗಿದ್ದರೆ ಯಾವುದನ್ನು ಕೊಳ್ಳುತ್ತಿದ್ದೆ ಎಂದೆ. “ನಾನ್ಯಾಕ್ ಸಾ ಕೊಂಡ್ಕತೀನಿ, ನಾನು ಮಾರೋನು” ಎಂದ. ಇಷ್ಟು ಶುದ್ಧವಾದ ಉತ್ತರಗಳನ್ನು ನನ್ನ ವಿದ್ಯಾರ್ಥಿಗಳು ಒಂದು ದಿನವೂ ಕೊಟ್ಟಿಲ್ಲ. ನಾನು ತಿರುಪಿನ ಸೈಟನ್ನು ಕೈಗೆ ತೆಗೆದುಕೊಂಡೆ. ಬೆರಳಿಗೆ ತಾಗಿದ ಕೂಡಲೇ ಅದು ಕಿಟಿಕಿಟಿ ಎಂದು ನಕ್ಕಿತು. ಅಷ್ಟು ಮಧುರವಾದ ಸದ್ದನ್ನು ನಾನು ಕೇಳಿರಲಿಲ್ಲ. ಸ್ವಾಮಣ್ಣ ನನ್ನ ಮುಖವನ್ನೇ ನೋಡಿ, “ಅಯ್ಯೋ, ಮೇಷ್ಟ್ರು ಕಳ್ದೋದ್ರು! ಕೊಡಪ್ಪ ಅದ್ನೇ ಕೊಡು. ಇಲ್ದೋದ್ರ ಇವ್ರು ಇಲ್ಲೇ ಮಲೀಕತರೆ” ಎಂದ. ಆದರೆ ಒಂದು ಕರಾರು ಹಾಕಿದ. ಅಂಗಡಿಯವನು ಕೂರಿಸಿಕೊಟ್ಟ ಮೇಲೆ ಆಯುಧಪೂಜೆಯವರೆಗೆ ಇಬ್ಬರೂ ತಿರುಪು ಮುಟ್ಟಬಾರದು. ನಾನು ಒಪ್ಪಿಕೊಂಡೆ. ಅಂದರೆ, ಒಪ್ಪಿಕೊಂಡಂತೆ ನೆನಪು.

ಅಭ್ಯಾಸಕ್ಕೆಂದು ಬಂದೂಕು ಮೊದಲು ನಮ್ಮ ಮನೆಗೆ ಬಂತು. ತಾರಸಿಯ ಮೇಲೆ ಬಟ್ಟೆ ಒಣಗಿಸುವ ತಂತಿಗೆ ನಿಂಬೆಹಣ್ಣು ಕಟ್ಟಿ ಹೊಡೆದೆ. ತಗಲಲಿಲ್ಲ. ಎಡಕ್ಕೆ ಹೋಯಿತೆಂದು ಕಂಡಿತು. ಕರಾರು ನೆನಪಾಯಿತು. ಆದರೆ ಅಂಗಡಿಯವನು ಕೂರಿಸಿದ್ದು ಸರಿಯೆಂಬುದಕ್ಕೆ ಪ್ರಮಾಣವೇನು? ಒಂದಿಷ್ಟು ತಿರುಗಿಸಿದೆ. ಈಗ ಬಲಕ್ಕೆ ಹೋಯಿತು. ವಾಪಸ್ ತಿರುಗಿಸಿದೆ. ವಾಪಸ್ ತಿರುಗಿಸಿದೆನೋ, ಮುಂದಕ್ಕೇ ತಿರುಗಿಸಿದೆನೋ ಎಂದು ಅನುಮಾನ ಬಂತು. ಎರಡೂ ಕಡೆಗೆ ತಿರುಗಿಸಿದೆ. ಗುರುತಿರಲಿ ಎಂದು ಮಂಗಳಳ ಉಗುರುಬಣ್ಣ ತಂದು ತಿರುಪಿನ ಮೇಲೆ ಕೆಂಪು ಚುಕ್ಕೆ ಇಟ್ಟೆ. ಮರುದಿನ ನೋಡಿದರೆ ಅಲ್ಲಿ ಎರಡು ಚುಕ್ಕೆಗಳಿದ್ದವು. ಇನ್ನೊಂದನ್ನು ನಾನೇ ಇಟ್ಟೆನೇ? ಇಟ್ಟಿದ್ದರೆ ಯಾವುದು ಸರಿಯಾದದ್ದು? ಮಂಗಳಳನ್ನು ಕೇಳಿದರೆ, “ನನ್ನ ಉಗುರಿಗೇ ಉಳಿದಿಲ್ಲ, ನಾನ್ಯಾಕೆ ಬಂದೂಕಿಗೆ ಹಚ್ಲಿ?” ಎಂದಳು. ಅದೇ ಸಂಜೆ ಅವಳು ಒಣಗಿದ ಬಟ್ಟೆ ತಂದು, ನನ್ನ ಬನಿಯನ್ನನ್ನು ಬೆಳಕಿಗೆ ಹಿಡಿದು, “ರೀ, ಈ ತೂತು ಮೊದ್ಲೇ ಇತ್ತಾ?” ಎಂದು ಕೇಳಿದಳು. ನಿಂಬೆಹಣ್ಣಿನ ಪಕ್ಕದಲ್ಲೇ ಬನಿಯನ್ ಒಣಗುತ್ತಿದ್ದದ್ದು ನಿಜ. ಆದರೆ ನನ್ನ ಬನಿಯನ್ನಿನಲ್ಲಿ ಇರುವ ಅಷ್ಟೊಂದು ತೂತುಗಳಲ್ಲಿ ಯಾವುದು ವಯಸ್ಸಿನಿಂದ ಆದದ್ದು, ಯಾವುದು ನನ್ನ ಗುರಿಯಿಂದ ಆದದ್ದು ಎಂದು ಯಾವ ಶಾಸ್ತ್ರದಿಂದ ತಾನೇ ತೀರ್ಮಾನಿಸಲು ಸಾಧ್ಯ?

ಆಮೇಲೆ ಬಂದೂಕು ಹನೂರಿಗೆ ಹೋಯಿತು. ಅಲ್ಲಿಂದ ಸ್ವಾಮಣ್ಣನ ಫೋನು ಬಂತು. “ಮೇಷ್ಟ್ರೇ, ತಿರುಪು ಮುಟ್ಟುದ್ರಾ?” ಎಂದ. ನೆನಪಿಲ್ಲ ಎಂದೆ. “ಇದ್ರ ಮೇಲೆ ಕುಂಕ್ಮ ಇಟ್ಟಂಗದಲ್ಲ, ಏನಿದು?” ಎಂದ. ಅದು ನನ್ನ ಎರಡು ಚುಕ್ಕೆ. “ಹಾಗಾದರೆ ನೀನು ಮುಟ್ಟಲಿಲ್ಲವೇ?” ಎಂದು ಕೇಳಿದೆ. “ನೀವು ಮುಟ್ಟಿದ್ರಲ್ಲಾ, ಅದ್ನ ಸರಿ ಮಾಡುದೆ ಅಷ್ಟೆ. ಅದು ಮುಟ್ದಂಗಲ್ಲ” ಎಂದ. ಅನುಮಾನವೇ ಇಲ್ಲದ ಮನುಷ್ಯನೂ ತಿರುಪಿನ ಮುಂದೆ ಸೋತಿದ್ದು ನನಗೆ ಸ್ವಲ್ಪ ಸಮಾಧಾನ ತಂದಿತು.

ಆಯುಧಪೂಜೆಯ ಬೆಳಿಗ್ಗೆ ನಾವೆಲ್ಲ ಮಧುವನಹಳ್ಳಿಯಲ್ಲಿ ಸೇರಿದೆವು. ಅಂಗಳದಲ್ಲಿ ಟ್ರ್ಯಾಕ್ಟರು, ಕುಡುಗೋಲು, ಗುದ್ದಲಿ, ಸ್ವಾಮಣ್ಣನ ಬೈಕು, ಅಡುಗೆಮನೆಯ ಮಿಕ್ಸಿ ಎಲ್ಲವೂ ಸ್ನಾನ ಮಾಡಿ ಸಾಲಾಗಿ ಕೂತಿದ್ದವು. ಅತ್ತೆ ಪೂಜೆಯ ವಿಷಯದಲ್ಲಿ ಯಾವುದಕ್ಕೂ ಮೋಸ ಮಾಡುವವರಲ್ಲ. ವಿಭೂತಿಯ ಪಟ್ಟೆ ಎಳೆದು, ಗಂಧ ಹಚ್ಚಿ, ಕುಂಕುಮ ಇಟ್ಟು, ಸೇವಂತಿಗೆ ಹೂವು ಸಿಕ್ಕಿಸುವುದರಲ್ಲಿ ಅವರಿಗೆ ಟ್ರ್ಯಾಕ್ಟರೂ ಒಂದೇ, ಕತ್ತರಿಯೂ ಒಂದೇ. ಬಂದೂಕಂತೂ ಮದುವಣಗಿತ್ತಿಯಂತೆ ಕಾಣುತ್ತಿತ್ತು. ಪೂಜೆ ಮಾಡಿದ ಆಯುಧದ ಕುಂಕುಮವನ್ನು ಆ ದಿನ ಯಾರೂ ಒರೆಸಬಾರದು. ಒರೆಸಿದರೆ ಏನಾಗುತ್ತದೆ ಎಂದು ನಾನು ಹಿಂದೊಮ್ಮೆ ಕೇಳಿದ್ದೆ. “ನೀವು ಒರುಸಬೇಡಿ, ಆಗ ಏನೂ ಆಗಾಕಿಲ್ಲ” ಎಂದಿದ್ದರು ಅತ್ತೆ.

ಸೀಬೆಮರದ ಕೊಂಬೆಯಲ್ಲಿ ನಿಂಬೆಹಣ್ಣು ತೂಗುತ್ತಿತ್ತು. ಮಾವನೇ ದಾರದ ಗಂಟು ಹಾಕಿದ್ದರು. ಬೀದಿಯ ಜನ ಕಾಂಪೌಂಡಿನ ಮೇಲೆ ಕೂತಿದ್ದರು. ಮಂಗಳ ನನ್ನ ಹತ್ತಿರ ಬಂದು, ಪಕ್ಕದಲ್ಲಿದ್ದ ಅಕ್ಕನಿಗೆ ಕೇಳಿಸದಂತೆ, “ಹಂಡೆ ನೆನಪಿರ್ಲಿ” ಎಂದಳು. ಯುದ್ಧಕ್ಕೆ ಹೊರಟ ಗಂಡನಿಗೆ ವೀಳ್ಯ ಕೊಟ್ಟ ಹಾಗಿತ್ತು ಅವಳ ದನಿ. ಇಷ್ಟು ವರ್ಷದಲ್ಲಿ ಅವಳು ನನ್ನಿಂದ ಕೇಳಿದ್ದು ಬಹಳ ಕಡಿಮೆ. ಬೀಗ ಹಾಕಿ ಎಂದು ಕೇಳಿದ್ದಾಳೆ, ಬೀಗ ಹಾಕಿದ್ದೀರಿ ನಡೆಯಿರಿ ಎಂದು ಕೇಳಿದ್ದಾಳೆ, ಅಷ್ಟೆ.

ಹಿರಿಯ ಅಳಿಯನಾದ್ದರಿಂದ ಮೊದಲು ಸ್ವಾಮಣ್ಣ ಹೊಡೆದ. ಬಂದೂಕು ಎತ್ತಿ, ಕೆನ್ನೆಗೆ ಒತ್ತಿ, ಒಂದು ಕ್ಷಣ ಹಾಗೇ ನಿಂತ. ಅವನ ಹುಬ್ಬು ಮೇಲೆ ಹೋಯಿತು, ಕೆಳಗೆ ಬಂತು. ಮೂತಿ ಒಂದು ಕಡೆಗೆ ತಿರುಗಿತು. ‘ಟಪ್’ ಎಂದಿತು. ನಿಂಬೆಹಣ್ಣು ಸ್ವಲ್ಪ ಅಲ್ಲಾಡಿತು. ಗಾಳಿಗೂ ಅಲ್ಲಾಡಿರಬಹುದು. ರಾಜೇಶ್ವರಿ ಚಪ್ಪಾಳೆ ತಟ್ಟಿದಳು. ಮಾವ, “ಬೀಳ್ನಿಲ್ಲ, ಬೀಳ್ನಿಲ್ಲ. ಮೇಷ್ಟ್ರೇ, ನೀವು ಬನ್ನಿ” ಎಂದರು.

ನಾನು ಹೋಗಿ ನಿಂತೆ. ಈ ಭಾಗ ನನಗೆ ಬಹಳ ಚೆನ್ನಾಗಿ ನೆನಪಿದೆ. ಬಂದೂಕು ಎತ್ತಿದೆ. ಸೇವಂತಿಗೆಯ ಘಮ ಮೂಗಿಗೆ ಬಡಿಯಿತು. ತೂತಿಗೆ ಕಣ್ಣಿಟ್ಟೆ. ಮೊದಲು ಸ್ವಲ್ಪ ಮಬ್ಬು ಮಬ್ಬಾಗಿತ್ತು, ಒಂಥರಾ ಕೆಂಪಗೆ. ಗಾಬರಿಯಾಗಲಿಲ್ಲ. ಉಸಿರು ಹಿಡಿದೆ. ಆಮೇಲೆ ಕಂಡಿತು ನೋಡಿ! ತೂತಿನ ನಟ್ಟನಡುವೆ, ದುಂಡಗೆ, ಹಳದಿಯಾಗಿ, ಹುಣ್ಣಿಮೆಯ ಚಂದ್ರನ ಹಾಗೆ ನಿಂಬೆಹಣ್ಣು. ಅದರ ಮೇಲಿದ್ದ ಒಂದು ಸಣ್ಣ ಕಪ್ಪು ಮಚ್ಚೆ ಕೂಡ ಕಂಡಿತು. ಮೊಳೆಯನ್ನು ಮಚ್ಚೆಯ ಮೇಲೆ ಕೂರಿಸಿ ಬಂದೂಕಿನ ಕುದುರೆ ಎಳೆದೆ. ‘ಟಪ್’ ಎಂದಿತು. ನಿಂಬೆಹಣ್ಣು ನೆಲಕ್ಕೆ ಬಿತ್ತು.

ಕಾಂಪೌಂಡಿನ ಮೇಲಿದ್ದ ಜನ ಹೋ ಎಂದರು. ಮಂಗಳ ಅಕ್ಕನ ಕಡೆ ನೋಡಿದ ನೋಟದಲ್ಲಿ ತಾಮ್ರದ ಹಂಡೆಯೊಂದು ಕರಗಿ ನೀರಾಗಬಹುದಿತ್ತು. ಅಷ್ಟರಲ್ಲಿ ಸ್ವಾಮಣ್ಣ, “ತಡೀರಿ ತಡೀರಿ! ಅದು ನಾನೊಡ್ದಿದ್ದು. ನನ್ ಏಟ್ಗೆ ದಾರ ಅರ್ಧ ಕಿತ್ತೋಗಿತ್ತು. ಮೇಷ್ಟ್ರು ಒಡೆಯೋ ಒತ್ಗೆ ಪೂರ್ತಿ ಕಿತ್ಕತು” ಎಂದು ಕೂಗಿದ.

“ನಿನ್ನ ಗುಂಡು ತಗಲಿದ್ದಕ್ಕೆ ಪ್ರಮಾಣವೇನು ಸ್ವಾಮಣ್ಣ?” ಎಂದೆ.

“ಪರ್ಮಾಣ ಏನ್ ಬಂತು ಮೇಷ್ಟ್ರೇ, ನನ್ ಕಣ್ಣಾರೆ ಕಂಡಿವ್ನಿ. ತೂತ್ನಲ್ಲಿ ದಾರ ಎಳೆ ಎಳೆಯಾಗಿ ಕಾಣ್ತಿತ್ತು.”

“ನನಗೆ ಹಣ್ಣಿನ ಮೇಲಿನ ಮಚ್ಚೆಯೇ ಕಾಣುತ್ತಿತ್ತು.”

“ಮಚ್ಚೆ ನಂಗೂ ಕಾಣ್ತು, ನಾನ್ ಯೋಳ್ನಿಲ್ಲ ಅಷ್ಟೆ!”

ವಾದ ಬಿಸಿಯಾಯಿತು. ತೀರ್ಮಾನಕ್ಕೆ ಒಂದೇ ದಾರಿ ಇತ್ತು. ನಿಂಬೆಹಣ್ಣನ್ನು ಪರೀಕ್ಷಿಸಬೇಕು. ಅದರಲ್ಲಿ ಗುಂಡಿನ ತೂತಿದ್ದರೆ ನಾನು ಗೆದ್ದೆ. ಹಣ್ಣು ಪೂರ್ತಿಯಾಗಿದ್ದು ದಾರ ಹರಿದಿದ್ದರೆ ಅವನು ಗೆದ್ದ. ತರ್ಕಶಾಸ್ತ್ರದ ಪುಸ್ತಕದಲ್ಲಿ ಕೊಡಬಹುದಾದಂಥ ಉದಾಹರಣೆ. ಇಬ್ಬರೂ ಒಟ್ಟಿಗೆ ಸೀಬೆಮರದ ಕಡೆ ತಿರುಗಿದೆವು. ಅಲ್ಲಿ ಹಣ್ಣಿರಲಿಲ್ಲ. ಟ್ರ್ಯಾಕ್ಟರು ಗುಡುಗುಡು ಎಂದಿತು. ಹಣ್ಣು ಬಿದ್ದ ಕೂಡಲೇ ಎತ್ತಿ ಚಕ್ರಕ್ಕೆ ಇಡುವುದು ಪದ್ಧತಿಯಾದ್ದರಿಂದ, ನಾವು ವಾದ ಮಾಡುತ್ತಿದ್ದಾಗ ಮಾವ ಪದ್ಧತಿಯನ್ನು ನೆರವೇರಿಸುತ್ತಿದ್ದರು. “ನಿಲ್ಲಿಸಿ ಮಾವ!” ಎಂದು ಇಬ್ಬರೂ ಓಡಿದೆವು. ದೊಡ್ಡ ಚಕ್ರ ಹಣ್ಣಿನ ಮೇಲೆ ನಿಧಾನವಾಗಿ, ಭಕ್ತಿಯಿಂದ ಹಾದುಹೋಯಿತು. ಸಾಕ್ಷ್ಯ ರಸವಾಗಿ ಮಣ್ಣಿಗಿಳಿಯಿತು. ಮೇಲೆ ನೋಡಿದರೆ ದಾರ ಕೊಂಬೆಯಲ್ಲಿ ಸುಮ್ಮನೆ ತೂಗುತ್ತಿತ್ತು. ಅದರ ತುದಿ ಹರಿದಿತ್ತೋ, ಗಂಟು ಬಿಚ್ಚಿಕೊಂಡಿತ್ತೋ ಹೇಳಲು ಬರುವಂತಿರಲಿಲ್ಲ. ಮಾವ ಟ್ರ್ಯಾಕ್ಟರಿನಿಂದ ಇಳಿದು, “ಗಂಟ ನಾನೇ ಆಕಿದ್ದಾ? ಸರ್ಯಾಗಿ ಆಕಿದ್ನೋ ಇಲ್ವೋ. ಕೈ ಮೊದಲಿನಂಗಿಲ್ಲ ಕಣ್ರಪ್ಪ” ಎಂದರು.

ಈ ಗಲಾಟೆಯಲ್ಲಿ ಮಂಗಳ, ಬಂದೂಕು ಇನ್ನು ತನ್ನದೇ ಎಂಬ ಧೈರ್ಯದಿಂದ ಅದನ್ನು ಕೈಗೆ ತೆಗೆದುಕೊಂಡಿದ್ದಳು. ಗಂಡ ಕಂಡ ಹುಣ್ಣಿಮೆಯನ್ನು ತಾನೂ ಕಾಣಬೇಕೆಂದು ಬಂದೂಕನ್ನು ಕೊಂಬೆಯ ಕಡೆ ತಿರುಗಿಸಿ ತೂತಿಗೆ ಕಣ್ಣಿಟ್ಟಳು. ಕಣ್ಣು ತೆಗೆದಳು. ಮತ್ತೆ ಇಟ್ಟಳು. “ರೀ, ಇದ್ರಲ್ಲಿ ಏನೂ ಕಾಣಲ್ವಲ್ರೀ” ಎಂದಳು. ಅವಳಿಗೆ ಅನುಭವ ಸಾಲದು ಎಂದುಕೊಂಡು ಹತ್ತಿರ ಹೋದೆ. ಸೈಟಿನ ಬಿಲ್ಲೆಯ ಮೇಲೆ ಗಂಧ ದಪ್ಪಗೆ ಮೆತ್ತಿತ್ತು. ತೂತಿನೊಳಕ್ಕೂ ತುಂಬಿಕೊಂಡು, ಒಣಗಿ, ಗಚ್ಚಿನಂತೆ ಗಟ್ಟಿಯಾಗಿತ್ತು. ಅದರ ಮೇಲೆ ಸರಿಯಾಗಿ ನಡುವೆ ದುಂಡನೆಯ ಕುಂಕುಮ. ಸೂಜಿ ತೂರುವಷ್ಟು ಸಂದೂ ಇರಲಿಲ್ಲ.

“ಇದನ್ನು ಯಾವಾಗ ಹಚ್ಚಿದಿರಿ ಅತ್ತೆ?” ಎಂದು ಕೇಳಿದೆ.

“ಒತ್ತಾರೇನೇ ಅಚ್ಚಿವ್ನಿ. ಬಂದೂಕ್ಗ ಅದು ಕಣ್ಣಿದ್ದಂಗಲ್ವಾ, ಕಣ್ಗ ಇಡ್ದೆ ಇನ್ನೆಲ್ಲಿಗಿಡಾನ? ಆ ತಿರುಪುಗಳ ಸಂದೀಲೂ ಕೊಳೆ ಇತ್ತು, ಏನೋ ಕೆಂಪು ಬಣ್ಣ ಬ್ಯಾರೆ ಅಂಟಿತ್ತು. ಚೆನ್ನಾಗಿ ತಿರುಗ್ಸಿ ತಿರುಗ್ಸಿ ತೊಳದು ಗಂಧ ತುಂಬಿವ್ನಿ” ಎಂದರು ಅತ್ತೆ.

ಸ್ವಾಮಣ್ಣನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನು ಎಳೆ ಎಳೆಯಾಗಿ ಕಂಡ ದಾರ, ನಾನು ಕಂಡ ಮಚ್ಚೆ, ಎರಡೂ ನಮ್ಮಿಬ್ಬರ ನಡುವೆ ಗಾಳಿಯಲ್ಲಿ ನಿಂತಿದ್ದವು. ಆಮೇಲೆ ಮಾವ ನಗಲು ಶುರುಮಾಡಿದರು. ಟ್ರ್ಯಾಕ್ಟರಿನ ಚಕ್ರ ಹಿಡಿದುಕೊಂಡು, ಕೂತು, ಕಣ್ಣೊರೆಸಿಕೊಂಡು ನಕ್ಕರು. “ಏನ್ ಅಳೀಮಯ್ಯಂದ್ರು ಸಿಕ್ಕಿದ್ರಪ್ಪ ನಂಗೆ! ಒಬ್ಬಂಗ ದಾರ ಕಾಣ್ತಂತ, ಇನ್ನೊಬ್ಬಂಗ ಮಚ್ಚೆ ಕಾಣ್ತಂತ! ಗಂಧದೊಳ್ಗೆ!” ಎಂದು, ಉಸಿರು ಸಿಕ್ಕಿದ ಮೇಲೆ ತೀರ್ಪು ಕೊಟ್ಟರು. “ಬಂದೂಕ ಎಲ್ಗೂ ಓಗಾಕಿಲ್ಲ. ಇದು ನಿಮ್ಮತ್ತೇದು. ಅವ್ಳು ಪೂಜೆ ಮಾಡಿದ್ಮೇಲೇ ಅಲ್ವಾ, ನಿಂಬೆಣ್ಣು ಬಿದ್ದಿದ್ದು?” ಬಂದೂಕು ಅತ್ತೆಯ ರಾಗಿ ಡ್ರಮ್ಮಿನ ಮೇಲಿನ ಗೋಡೆಗೆ ಹೋಯಿತು. ಹೋಗುವ ಮುಂಚೆ ನಾನು ಯಾರಿಗೂ ಕಾಣದಂತೆ ಮೇಲಿನ ತಿರುಪನ್ನು ಒಮ್ಮೆ ಮುಟ್ಟಿ ನೋಡಿದೆ. ಗಂಧ ಹೇಗೆ ಹಿಡಿದಿತ್ತೆಂದರೆ ಅದು ಒಂದಿಷ್ಟೂ ಕದಲಲಿಲ್ಲ. ಹೀಗೆ ಹಟ ಮಾಡಿ ಕೊಂಡ ತಿರುಪಿನ ಸೈಟು, ಸ್ವಾಮಣ್ಣ ಕೇಳಿದ ಸುಮ್ಮನಿರುವ ಸೈಟೇ ಆಯಿತು; ಇಬ್ಬರ ಮಾತೂ ಗೆದ್ದಿತು, ಬಂದೂಕು ಮಾತ್ರ ಇಬ್ಬರಿಗೂ ಸಿಗಲಿಲ್ಲ.

ಮಧುವನಹಳ್ಳಿಯಿಂದ ಮನೆಗೆ ಬರುವ ದಾರಿಯಲ್ಲಿ ಮಂಗಳ ಖಾಲಿ ಗೋಣಿಚೀಲವನ್ನು ಮಡಿಸುತ್ತಾ ಕೂತಿದ್ದಳು. ಹಂಡೆಯೂ ಇಲ್ಲ, ಬಂದೂಕೂ ಇಲ್ಲ. ಆಟೋ ಇಳಿದು ಗೇಟು ತೆಗೆಯುವಾಗ, “ಹೋಗ್ಲಿ ಬಿಡಿ, ಅಕ್ಕನಿಗೂ ಸಿಗ್ಲಿಲ್ಲವಲ್ಲ” ಎಂದು ನಕ್ಕಳು. ಆದರೆ ಅಂದಿನಿಂದ ನನ್ನಲ್ಲಿ ಏನೋ ಬದಲಾಗಿದೆ. ಎಲ್ಲವನ್ನೂ ಅನುಮಾನಿಸಿದ ನನಗೆ, ಆ ನಿಂಬೆಹಣ್ಣಿನ ವಿಷಯದಲ್ಲಿ ಮಾತ್ರ ಅನುಮಾನವೇ ಬರುತ್ತಿಲ್ಲ. ತೂತು ಮುಚ್ಚಿತ್ತು, ಒಪ್ಪುತ್ತೇನೆ. ಎಡಗಣ್ಣು ತೆರೆದಿದ್ದು ಅದರಿಂದ ಕಂಡಿರಬಹುದು; ಎಡಗಣ್ಣು ಮುಚ್ಚಿದ್ದೆನೋ ಇಲ್ಲವೋ ನೆನಪಿಲ್ಲ. ಆದರೆ ಹಣ್ಣು ಕಂಡದ್ದು ನೆನಪಿದೆ. ಮಚ್ಚೆ ಕಂಡದ್ದು ನೆನಪಿದೆ. ಹೊಡೆದದ್ದು ನಾನೇ. ಸ್ವಾಮಣ್ಣ ಈಗಲೂ ಆಗಾಗ ಫೋನು ಮಾಡುತ್ತಾನೆ. ಯಾವುದರಲ್ಲೂ ಒಮ್ಮತವಿಲ್ಲದಿದ್ದ ನಾವಿಬ್ಬರೂ ಈಗ ಒಂದೇ ಪಕ್ಷ. ಗಂಧ ತುಂಬಿದ ತೂತಿನಲ್ಲಿ ಚೆನ್ನಾಗಿಯೇ ಕಾಣುತ್ತದೆ ಎಂದು ಇಬ್ಬರೂ ಒಪ್ಪಿದ್ದೇವೆ. ಮುಂದಿನ ವರ್ಷಕ್ಕೆ ಗಂಧ ಗಟ್ಟಿಯಾಗಿರಬೇಕೋ ತೆಳ್ಳಗಿರಬೇಕೋ ಎಂಬಲ್ಲಿ ಮಾತ್ರ ಸ್ವಲ್ಪ ಭಿನ್ನಾಭಿಪ್ರಾಯವಿದೆ.

ಇವತ್ತು ಬೆಳಿಗ್ಗೆಯೂ ಅದೇ ವಿಷಯ ಮಾತಾಡುತ್ತಿದ್ದಾಗ, ಹಿತ್ತಲಿನಿಂದ ಮಂಗಳ, “ರೀ, ಗ್ಯಾಸ್ ಆಫ್ ಮಾಡಿದ್ರಾ?” ಎಂದು ಕೇಳಿದಳು. ಹಿಂದಿನ ನಾನಾಗಿದ್ದರೆ ಎದ್ದು ಹೋಗಿ ನೋಡುತ್ತಿದ್ದೆ. ಈಗ ಕೂತಲ್ಲಿಂದಲೇ, “ಮಾಡಿದೆ. ತಿರುಪು ತಿರುಗಿಸಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ” ಎಂದು ಧೈರ್ಯವಾಗಿ ಹೇಳಿ ಮಾತು ಮುಂದುವರಿಸಿದೆ. ನಮ್ಮ ಮನೆಯಲ್ಲಿ ಹಾಲು ಸೀದರೆ ಇಂಥ ವಾಸನೆ ಬರುತ್ತದೆ ಎಂಬುದು ನನಗೆ ಇವತ್ತೇ ಗೊತ್ತಾದದ್ದು.